ಅತ್ತೆಯ ಮನೆಯ ಕೀಬೋರ್ಡ್ ಒರೆಸಿದ ಸಂಜೆ

ನಂಬಿ ಅಂತ ನಾನು ಯಾರನ್ನೂ ಬಲವಂತ ಮಾಡುವುದಿಲ್ಲ. ತಮಿಳುನಾಡಿನ ನಲ್ಲಂಪಳ್ಳಿಯಲ್ಲಿ ಹದಿನಾರು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ತಾನಾಗಿ ಓಡುವ ಮೌಸ್, ಒತ್ತದೆಯೇ ಅಕ್ಷರ ಬೀಳುವ ಕೀಬೋರ್ಡ್ ನನಗೆ ಹೊಸದಲ್ಲ. ಧೂಳು, ಸವೆದ ವೈರು, ಚೆಲ್ಲಿದ ಕಾಪಿ... ಏನಾದರೊಂದು ಕಾರಣ ಸಿಕ್ಕೇ ಸಿಗುತ್ತದೆ. ಸಿಗದೇ ಹೋದದ್ದು ಒಂದೇ ಸಲ. ಅದೂ ನಮ್ಮ ಸಿದ್ದಮ್ಮತ್ತೆಯ ಮನೆಯಲ್ಲಿ, ನನ್ನ ಕಣ್ಣೆದುರಿಗೇ.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಅವಳ ಗಂಡ, ನಮ್ಮ ಮಾವ, ಕಡಯಂಪಟ್ಟಿಯಲ್ಲಿ ಜನರ ಕಾಗದಪತ್ರ ಟೈಪ್ ಮಾಡಿಕೊಡುತ್ತಿದ್ದರು. ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಆಗ ನಾನೇ ಅವರ ಹಳೇ ಕಂಪ್ಯೂಟರನ್ನು ಮಂಚದ ಪಕ್ಕದಲ್ಲಿ, ಎಡಗೈಗೆ ಸಿಗುವ ಹಾಗೆ ಇಟ್ಟುಕೊಟ್ಟೆ.

ಅತ್ತೆಗೆ ಓದು ಬಾರದು. ಮಾವನಿಗೆ ಬರೆಯಲು ಬರುತ್ತಿದ್ದದ್ದು ತಮಿಳು ಮಾತ್ರ. ಮನೆಯಲ್ಲಾಡುವ ಕನ್ನಡಕ್ಕೆ ಅವರ ಹತ್ತಿರ ಅಕ್ಷರವಿರಲಿಲ್ಲ. ಹಾಗಾಗಿ ಇಬ್ಬರೂ ಸೇರಿ ಮೂರು ತಮಿಳು ಅಕ್ಷರ ಗೊತ್ತುಮಾಡಿಕೊಂಡರು. ನೀರಿಗೆ ಒಂದು, ಕಾಪಿಗೆ ಒಂದು, ‘ಬಾ’ ಅನ್ನಲು ಒಂದು. ತಮಿಳಲ್ಲಿ ‘ಬ’ಕ್ಕೆ ಬೇರೆ ಅಕ್ಷರವಿಲ್ಲ, ‘ಪ’ವನ್ನೇ ಬರೆಯಬೇಕು. ಅದು ನೋಡಲು ಮುಚ್ಚಳ ತೆಗೆದ ಡಬ್ಬಿಯ ಹಾಗಿರುತ್ತದೆ. ಪರದೆಯ ಮೇಲೆ ಡಬ್ಬಿ ಕಂಡರೆ ಅತ್ತೆ ಕೈಕೆಲಸ ಬಿಟ್ಟು ಎದ್ದು ಬರುತ್ತಿದ್ದಳು.

ಮಾವ ತೀರಿಕೊಂಡ ಸಂಜೆ ಅವಳು ಹಿತ್ತಿಲಲ್ಲಿ ಆಡು ಕಟ್ಟುತ್ತಿದ್ದಳು. ಒಳಗೆ ಬಂದಾಗ ಅವರು ಹೋಗಿಬಿಟ್ಟಿದ್ದರು. ಪರದೆಯ ತುಂಬ ಡಬ್ಬಿಗಳು... ಸಾಲು ಸಾಲಾಗಿ.

ಮೂರು ತಿಂಗಳಾದ ಮೇಲೆ ಅತ್ತೆಯ ಫೋನ್ ಬಂತು.

“ಲೇ ಮಾದೇಶ, ಕಂಪೂಟ್ರು ತಾನಾಗೇ ಆಡ್ತೈತೆ ಕಣಪ್ಪಾ. ದೀಪ ಅಚ್ಚೋ ಒತ್ತಿಗೆ ಪರದೆ ಮ್ಯಾಲೆ ಬಾಣ ಓಡಾಡ್ತೈತೆ. ಅಕ್ಷರ ಬೀಳ್ತೈತೆ.”

“ಅದನ್ನ ಯಾಕತ್ತೆ ಇನ್ನೂ ಆನ್ ಮಾಡ್ತೀಯ?”

“ಅದ್ರ ಬೆಳಕಿಲ್ದಿದ್ರೆ ಮನೆ ಮನೆ ಅನ್ನಿಸಲ್ಲ.”

“ಏನ್ ಅಕ್ಷರ ಬೀಳ್ತೈತೆ?”

“ನೀನೇ ಬಂದು ನೋಡು,” ಅಂದಳು.

ಮಾರನೇ ದಿನ ನಾನು ಹೋದಾಗ ಕತ್ತಲಿಳಿಯುತ್ತಿತ್ತು. ಬಾಗಿಲು ದಾಟಿದ ಕೂಡಲೇ ಮಾವನ ಕೈಗೆ ತಿಕ್ಕುತ್ತಿದ್ದ ತೈಲದ ವಾಸನೆ. ಹಿತ್ತಿಲಿಂದ ಆಡಿನ ಕೊರಳ ಗಂಟೆಯ ಸದ್ದು. ಖಾಲಿ ಮಂಚದ ಪಕ್ಕ ಕಂಪ್ಯೂಟರಿನ ಫ್ಯಾನು ಗುರುಗುಡುತ್ತಿತ್ತು. ಅತ್ತೆ ಅರ್ಧಕ್ಕರ್ಧ ಇಳಿದುಹೋಗಿದ್ದಳು.

ಮೌಸಿನ ಅಡಿ ಒರೆಸಿದೆ. ಬೇರೆ ಕಿಂಡಿಗೆ ಚುಚ್ಚಿ ನೋಡಿದೆ. ಕೀಬೋರ್ಡ್ ಬೋರಲು ಹಾಕಿ ತಟ್ಟಿದೆ. ಕೀಗಳ ಮೇಲೆ ತೈಲದ ಅಂಟು ಕಪ್ಪಗೆ ಕೂತಿತ್ತು.

“ಇದೇ ಅತ್ತೆ ಪ್ರಾಬ್ಲಮ್ಮು. ಎಣ್ಣೆ ಇಳ್ದು ಕೀ ಅಂಟ್ಕೊಂಡೈತೆ.”

“ಅದು ಅವರ ಬೆರಳಿಂದು,” ಅಂದಳು. “ಒರೆಸ್ಲೇಬೇಕಾ?”

“ಒರೆಸ್ದಿದ್ರೆ ಸರಿಯಾಗಲ್ಲ.”

ಅವಳು ಮುಖ ತಿರುಗಿಸಿಕೊಂಡಳು. ಎರಡರ ವೈರನ್ನೂ ಕಿತ್ತು, ಮೌಸನ್ನು ಮಂಚದ ಮೇಲೆ ಹಾಕಿ, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿಗೆ ಸ್ಪಿರಿಟ್ ಅದ್ದಿ ಒಂದೊಂದೇ ಕೀ ಒರೆಸಿದೆ. ಹತ್ತಿ ಹಳದಿಯಾಯಿತು...

ಆಗ ಪರದೆಯ ಮೇಲಿನ ಬಾಣ ಅಲುಗಾಡಿತು.

ಎರಡು ವೈರೂ ನನ್ನ ಕಾಲ ಹತ್ತಿರ ಬಿದ್ದಿದ್ದವು. ಬಾಣ ಸ್ವಲ್ಪ ಮೇಲೆ ಹೋಯಿತು. ನಿಂತು ನಡುಗಿತು. ದಾರಿ ತಪ್ಪಿ, ಮತ್ತೆ ಕೆಳಗೆ ಬಂತು. ಎಡಗೈ ಪಳಗದ ಮಾವ ಹಾಗೆಯೇ ಸರಿಸುತ್ತಿದ್ದರು. ಬರೆಯುವ ಪುಟ ತೆರೆದುಕೊಂಡಿತು.

ಒಂದು ಡಬ್ಬಿ.

ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ... ಇನ್ನೊಂದು ಡಬ್ಬಿ. ಮತ್ತೊಂದು.

ವೈರಿಲ್ಲದ ಮೌಸಿಗೆ ಹಾಕುವ ಚಿಕ್ಕ ರಿಸೀವರ್ ತುಂಡು ಕಂಪ್ಯೂಟರಿನ ಹಿಂದೆಲ್ಲಾದರೂ ಚುಚ್ಚಿದೆಯೋ ಅಂತ ಕೈಯಾಡಿಸಿದೆ. ಇರಲಿಲ್ಲ. ದೂರದಿಂದ ಯಾರಾದರೂ ಆಡಿಸಲು ಆ ಮನೆಗೆ ಇಂಟರ್ನೆಟ್ಟೂ ಇರಲಿಲ್ಲ. ತೈಲದ ವಾಸನೆ ಈಗ ಹಸಿಯಾಗಿತ್ತು, ಯಾರೋ ಆಗ ತಾನೇ ಹಚ್ಚಿಕೊಂಡ ಹಾಗೆ.

ಅತ್ತೆ ಹತ್ತಿರ ಬಂದಳು. ಅವಳಿಗೆ ಭಯವಿರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ಮೆಲ್ಲಗೆ ಅಂದಳು:

“ಬಂದೆ... ಇಲ್ಲೇ ಇವ್ನಿ. ಅವತ್ತು ಆಡು ಅಗ್ಗ ಕಿತ್ಕೊಂಡು ಓಗಿತ್ತು... ನಾನು...”

ಅಕ್ಷರ ನಿಂತಿತು. ಬಾಣವೂ ನಿಂತಿತು. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು ನನಗೆ. ಯೋಚನೆ ಮಾಡಲಿಲ್ಲ. ಕೈ ತಾನಾಗಿ ಗೋಡೆಯ ಸ್ವಿಚ್ಚಿಗೆ ಹೋಯಿತು.

ಪರದೆ ಕಪ್ಪಾಯಿತು. ಫ್ಯಾನು ಸುತ್ತಿ ಸುತ್ತಿ ನಿಂತಿತು.

ಅತ್ತೆ ಬೈಯಲಿಲ್ಲ. ಕತ್ತಲಲ್ಲಿ ಅವಳ ದನಿ ಮಾತ್ರ ಕೇಳಿಸಿತು.

“ಯಾಕ್ಲಾ... ನಾನಿನ್ನೂ ಅವರಿಗೆ ಏಳಿ ಮುಗಿಸಿರ್ಲಿಲ್ಲ.”

ತಕ್ಷಣ ಮತ್ತೆ ಆನ್ ಮಾಡಿದೆ. ಎಲ್ಲಾ ಸರಿಯಾಗಿತ್ತು. ಬಾಣ ನಡುವಿನಲ್ಲಿ ಸುಮ್ಮನೆ ನಿಂತಿತ್ತು. ಮೌಸ್, ಕೀಬೋರ್ಡ್ ಚುಚ್ಚಿ ಕಾದೆವು, ಕಿತ್ತು ಕಾದೆವು. ಏನೂ ಆಗಲಿಲ್ಲ. ಕೊನೆಗೆ ಅತ್ತೆ ಗೂಡಿನಿಂದ ತೈಲದ ಸೀಸೆ ತೆಗೆದು, ಬೆರಳಿಗೆ ಹಚ್ಚಿಕೊಂಡು, ನಾನು ಒರೆಸಿದ ಕೀಗಳ ಮೇಲೆ ಒಂದೊಂದಾಗಿ ಸವರತೊಡಗಿದಳು. ನನಗೆ ನೋಡಲಾಗದೆ ಹೊರಗೆ ಹೋಗಿ ನಿಂತೆ.

ಅದಾಗಿ ಎಂಟು ತಿಂಗಳು. ಈಗಲೂ ಕೆಲವು ಸಂಜೆ ಫೋನ್ ಮಾಡುತ್ತಾಳೆ.

“ನನ್ ಕಣ್ಣು, ನಿಂಗೆ ತೊಂದ್ರೆ ಕೊಡ್ತೀನಿ ಅಂತ ಅಂದ್ಕೋಬೇಡ. ಅದು ಮದ್ಲು ಕೆಟ್ಟಿತ್ತಲ್ಲ... ಅಂಗೇ ಕೆಡಿಸಿಕೊಡೋಕಾಗ್ತೈತಾ?”

ಭಾನುವಾರ ಬರ್ತೀನತ್ತೆ ಅನ್ನುತ್ತೇನೆ. ಹೋಗುತ್ತೇನೆ. ಬಿಚ್ಚಿ, ನೋಡಿ, ಮತ್ತೆ ತಿರುಪು ಹಾಕುತ್ತೇನೆ. ದೀಪ ಹಚ್ಚುವ ಹೊತ್ತು ಕಳೆಯುವವರೆಗೆ ಇಬ್ಬರೂ ಪರದೆ ನೋಡುತ್ತ ಕೂತಿರುತ್ತೇವೆ.

ಅದೇನಾಗಿತ್ತೋ ನನಗೆ ಗೊತ್ತಿಲ್ಲ. ಇನ್ನೊಂದು ನಿಮಿಷ ನನ್ನ ಕೈ ಸುಮ್ಮನಿದ್ದಿದ್ದರೆ ಏನು ಬರುತ್ತಿತ್ತೋ, ಅದೂ ಗೊತ್ತಿಲ್ಲ. ಈಚೆಗೆ ಅಂಗಡಿಗೆ ಯಾರಾದರೂ ಸಂಜೆ ಹೊತ್ತು ಬಂದು, “ಅಣ್ಣಾ, ಮೌಸ್ ತಾನಾಗೇ ಓಡ್ತೈತೆ” ಅಂದರೆ, ನಾನು ಕೂಡಲೇ ಮುಟ್ಟುವುದಿಲ್ಲ. ಅವರನ್ನು ಬೆಂಚಿನ ಮೇಲೆ ಕೂರಿಸಿ, ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು, ಸ್ವಲ್ಪ ಹೊತ್ತು ಕಾಯುತ್ತೇನೆ...