ಕೇಬಲ್ ಎಳೆದ ಕೈ

ತೀರಿಹೋದ ಅಜ್ಜಿಯೊಬ್ಬರನ್ನು ಕಳೆದ ಗುರುವಾರ ನಾನು ಇನ್ನೊಮ್ಮೆ ಸಾಯಿಸಿದೆ. ಅರ್ಧ ಗಂಟೆಯ ಮಟ್ಟಿಗೆ.

ಬೇಳದ ಗ್ರೇಸಿಬಾಯಿ ನನ್ನ ಮೈಕ್ ಸೆಟ್ ಅಂಗಡಿಗೆ ಬಂದು, ಬೆಂಕಿಪೆಟ್ಟಿಗೆಯಷ್ಟಿದ್ದ ಎಂಪಿ3 ಪ್ಲೇಯರನ್ನು ಮೇಜಿನ ಮೇಲಿಟ್ಟರು. ಭಾನುವಾರ ಮಗಳ ರೋಸ್. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಆಗ ಹೇಳುವ ಕೊಂಕಣಿ ಪದಗಳನ್ನು ಅವರ ಅಮ್ಮ ಸಾಯುವ ಮೊದಲು ಇದರಲ್ಲೇ ಹಾಡಿಟ್ಟಿದ್ದರು. ಬೇರೆಲ್ಲೂ ಇಲ್ಲ. ಪ್ಲೇಯರೋ, ಎರಡು ನಿಮಿಷಕ್ಕೊಮ್ಮೆ ತಾನಾಗಿ ಆಫ್.

"ಎಂತಾದ್ರೂ ಮಾಡಿ ಮಾರಾಯ್ರೆ. ಮೊಮ್ಮಗಳ ರೋಸ್‌ಗೆ ಅಜ್ಜಿ ಹಾಡದಿದ್ರೆ ಹೇಗೆ?"

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ನಾನು ಬಿಚ್ಚಿ ಜೋಡಿಸದ ಆಂಪ್ಲಿಫೈಯರ್ ಬದಿಯಡ್ಕದಲ್ಲಿಲ್ಲ. (ಬಡಾಯಿ ಅಲ್ಲ, ಕೇಳಿ ನೋಡಿ.) ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಪ್ಲೇಯರನ್ನು ಓಡಿಸುವ ಒಳಗಿನ ಸಾಫ್ಟ್‌ವೇರಿಗೆ ಫರ್ಮ್‌ವೇರ್ ಅನ್ನುತ್ತಾರೆ. ಯಾರೋ ಪುಣ್ಯಾತ್ಮರು ಅದನ್ನು ತಿದ್ದಿ, ಈ ಕಾಯಿಲೆ ವಾಸಿ ಮಾಡಿ ಇಟ್ಟಿದ್ದರು. ಜೊತೆಗೆ ಅದನ್ನು ಹಾಕುವ ಕ್ರಮ, ಒಂದು ಪುಟ ಇಂಗ್ಲಿಷ್.

ಹೆಂಡತಿ ಸರೋಜ ಹತ್ತನೇ ಪಾಸು. "ಓದಿ ಹೇಳ್ಬೇಕಾ?" ಅಂದಳು.

"ಬೇಡ. ನಂಗೆ ಗೊತ್ತುಂಟು."

ಎಷ್ಟು ಗೊತ್ತಿತ್ತು? ಪ್ಲೇಯರನ್ನು ಕೇಬಲ್‌ನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿದೆ, ಹೊಸ ಫರ್ಮ್‌ವೇರ್ ಹಾಕಲು ಒತ್ತಿದೆ. ಕಂಪ್ಯೂಟರ್ ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಒಂದು ನಿಮಿಷ. ಎರಡು. ನಮ್ಮ ಕಸುಬಿನಲ್ಲಿ ಒಂದೇ ವೇದ: ಸಂಶಯ ಬಂದರೆ ಮೊದಲು ಪ್ಲಗ್ ಎಳೆ. ನಾನು ಇಷ್ಟು ವರ್ಷ ಶಾಕ್ ಹೊಡೆಯದೆ ಬದುಕಿದ್ದೇ ಹಾಗೆ. ಕೈ ನನ್ನನ್ನು ಕೇಳಲಿಲ್ಲ. ಕೇಬಲ್ ಎಳೆಯಿತು.

ಪ್ಲೇಯರ್ ಕಪ್ಪಾಯಿತು. ಒತ್ತಿದರೂ ಇಲ್ಲ, ಕುಟ್ಟಿದರೂ ಇಲ್ಲ.

ಸರೋಜ ಪುಟ ಓದಿದಳು. "ಕೆಂಪಕ್ಷರದಲ್ಲೇ ಉಂಟಲ್ಲ! ಮೊದಲು ಹಾಡನ್ನೆಲ್ಲ ಕಂಪ್ಯೂಟರಿಗೆ ಕಾಪಿ ಮಾಡಿ, ಚಾರ್ಜ್ ಫುಲ್ ಮಾಡಿ, ಮುಗಿಯುವ ತನಕ ಕೇಬಲ್ ಮುಟ್ಟಬೇಡಿ ಅಂತ. ನೀವು ಎಂತ ನೋಡಿದ್ದು?"

"ಕೆಂಪು ನೋಡಿದೆ. ಜಾಹೀರಾತು ಅಂತ ಬಿಟ್ಟೆ."

ಪುಣ್ಯಕ್ಕೆ ಕೆಳಗೆ ದಾರಿಯೂ ಇತ್ತು: ವಾಲ್ಯೂಮ್ ಬಟನ್ ಒತ್ತಿ ಹಿಡಿದು ಕೇಬಲ್ ಸಿಕ್ಕಿಸಿ, ಪುನಃ ಹಾಕಿ. ಅವಳು ಓದಿದಳು, ನಾನು ಮಾಡಿದೆ. (ಆಮೇಲೆ ಬಲಗೈಯನ್ನು ತೊಡೆಯ ಅಡಿಗೆ ಹಾಕಿ ಕೂತೆ.) ಪಟ್ಟಿ ಮತ್ತೆ ಅರ್ಧಕ್ಕೆ ನಿಂತಿತು. ಮೂರು ನಿಮಿಷವಾದ ಮೇಲೆ ತಾನಾಗಿ ಮುಂದೆ ಹೋಯಿತು. ಅದರ ನಡಿಗೆಯೇ ಹಾಗಂತೆ!

ಹಾಡುಗಳಿಗೆ ಏನೂ ಆಗಿರಲಿಲ್ಲ. ಭಾನುವಾರ ಗ್ರೇಸಿಬಾಯಿಯ ಅಂಗಳದಲ್ಲಿ ಅಜ್ಜಿ ನಡುನಡುವೆ ಕೆಮ್ಮುತ್ತ ಕೊನೆಯವರೆಗೂ ಹಾಡಿದರು.

ಗ್ರೇಸಿಬಾಯಿ ಕಣ್ಣೊರೆಸಿಕೊಂಡು, "ನೀವು ಇದ್ದದ್ದಕ್ಕೆ ಆಯ್ತು" ಅಂದರು. ಸರೋಜ ಪಕ್ಕದಲ್ಲೇ ನಿಂತಿದ್ದಳು. ನಾನು ಏನು ಹೇಳಿದೆ ಗೊತ್ತೇ?

"ಅದೆಂತ ದೊಡ್ಡ ಕೆಲಸ!"

ಮನೆ ಮುಟ್ಟಿದ್ದೇ ಅವಳು ಕಾಗದ, ಪೆನ್ನು ತಂದು ನನ್ನ ಮುಂದಿಟ್ಟಳು. ಈ ಅಂಕಣ ಬರೆದದ್ದು ನಾನೇ. ಬರೆಸಿದ್ದು ಯಾರು ಅಂತ ಹೇಳಬೇಕೇ?