ತಪ್ಪು ತಗಡು ನೇತುಹಾಕಿದವನು

ಟೆಸ್ಟ್ ಪಂದ್ಯ ಗೆಲ್ಲಿಸಿದವರ ಹೆಸರು ಎಲ್ಲರಿಗೂ ಬಾಯಿಪಾಠ. ಅದೇ ಪಂದ್ಯದ ಅಂಕಿಗಳನ್ನು ಐದು ದಿನ ಎತ್ತಿ ನೇತುಹಾಕಿದವರು ಯಾರು ಅಂತ ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಬೋರ್ಡಣ್ಣ ಅಂಥವರಲ್ಲೊಬ್ಬ. ಇಪ್ಪತ್ತಾರು ವರ್ಷ ಮೈದಾನದ ಸ್ಕೋರ್ ಬೋರ್ಡಿನ ಹೊಟ್ಟೆಯೊಳಗೆ ಬೆವರು ಹರಿಸಿದವನು. ಒಳಗೆ ಮರದ ಏಣಿ, ಗೋಡೆ ತುಂಬ ಕೊಕ್ಕೆ, ಕೊಕ್ಕೆಗಳಲ್ಲಿ ಅಂಕಿ ಬರೆದ ತಗಡುಗಳು. ಮಧ್ಯಾಹ್ನದ ಹೊತ್ತಿಗೆ ತಗಡು ಮುಟ್ಟಿದರೆ ಸುಡುತ್ತಿತ್ತು. ಹಳೆ ಬನಿಯನ್ ಅಂಗೈಗೆ ಸುತ್ತಿಕೊಂಡು ಹಿಡಿಯುತ್ತಿದ್ದ. ಆಟ ನೋಡಲು ಅವನಿಗೆ ಸಿಗುತ್ತಿದ್ದುದು ಒಂದು ತಗಡು ತೆಗೆದು ಇನ್ನೊಂದು ಹಾಕುವ ನಡುವಿನ ಖಾಲಿ ಕಿಂಡಿ. ಊರೆಲ್ಲ ಕಾಲು ಚಾಚಿ ನೋಡಿದ ಗೆಲುವುಗಳನ್ನು ಅವನು ಬೆನ್ನು ಬಗ್ಗಿಸಿ, ಒಂದೇ ಕಣ್ಣಿನಲ್ಲಿ ನೋಡಿದ.

ಅವನು ನಿವೃತ್ತನಾದ ಮೇಲೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸೇರುವ ಕ್ರಿಕೆಟ್ ಅಭಿಮಾನಿಗಳ ಕೂಟದಲ್ಲಿ ಅವನಿಗೊಂದು ಕುರ್ಚಿ ಸಿಕ್ಕಿತು. ಭಾನುವಾರ ಸಂಜೆ ಅಲ್ಲಿ ಹಳೆ ಗೆಲುವುಗಳ ಮೆಲುಕು. ಎಲ್ಲರ ಅಚ್ಚುಮೆಚ್ಚು ಮೂವತ್ತೊಂದು ವರ್ಷದ ಹಿಂದಿನ ಒಂದು ರನ್ನಿನ ಗೆಲುವು. ಎದುರಾಳಿಗಳಿಗೆ ಬೇಕಿದ್ದುದು ಇನ್ನೂರ ಹನ್ನೊಂದು. ಕೊನೆಯ ಜೋಡಿ, ಇನ್ನು ಮೂರು ರನ್ನು. ಬ್ಯಾಟ್ಸ್‌ಮನ್ ಒಂದು ರನ್ ಓಡಿ, ಗೆದ್ದೇಬಿಟ್ಟೆವೆಂದು ಪಿಚ್ಚಿನ ನಡುವೆ ಜೊತೆಗಾರನನ್ನು ತಬ್ಬಿಕೊಂಡ. ನಮ್ಮವರು ಚೆಂಡೆಸೆದು ವಿಕೆಟ್ ಬೀಳಿಸಿದರು. ಆ ತಬ್ಬುಗೆಯನ್ನು ಬಸ್ ಡ್ರೈವರೊಬ್ಬ ಕುರ್ಚಿಯನ್ನೇ ತಬ್ಬಿ ಅಭಿನಯಿಸುತ್ತಿದ್ದ. ಕೋಣೆ ಬಿದ್ದು ಬಿದ್ದು ನಗುತ್ತಿತ್ತು. ಬೋರ್ಡಣ್ಣನೂ ನಗುತ್ತಿದ್ದ. ಅದೇ ಅವನನ್ನು ಕೊರೆಯುತ್ತಿದ್ದುದು.

ಈ ಸಲ ಕೂಟದವರು ಮರೆಯಲಾಗದ ಹತ್ತು ಗೆಲುವುಗಳ ಪುಸ್ತಕ ಮಾಡಲು ಹೊರಟರು. ಮತ ಹಾಕಿದಾಗ ಈ ಒಂದು ರನ್ನಿನ ಗೆಲುವೇ ಮೊದಲು ಬಂತು. ಅಚ್ಚಿಗೆ ಹೋಗುವ ಹಿಂದಿನ ದಿನ ವಾಚನಾಲಯದ ಮೇಡಂ ಒಂದು ಹಾಳೆ ಕಳಿಸಿದಳು: “ಎಣಿಸಲು ಬಾರದ ಪೆದ್ದನ ಕೃಪೆಯಿಂದ ನಾವು ಗೆದ್ದೆವು.” ಕೆಳಗೆ, ಕಣ್ಣಾರೆ ಕಂಡವರೆಂದು ಬೋರ್ಡಣ್ಣನ ಸಹಿಗೆ ಜಾಗ.

ಅವನು ಹಾಳೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಒಲೆ ಆರಿಸಿದಳು.

“ಮೂವತ್ತೊಂದು ವರ್ಷ ನನಗೂ ಹೇಳ್ಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದ್ರೆ ಮಾತ್ರ ತಟ್ಟೆ ಮುಂದೇನೇ ಹೇಳ್ತೀರಿ.”

“ಇವತ್ತು ಹೇಳಿದ್ರೆ ಅಲ್ಲಿ ಯಾರೂ ನನ್ನ ಪಕ್ಕ ಕೂರಲ್ಲ.”

“ಕೂರದಿದ್ರೆ ಆರಾಮಾಗಿ ಕಾಲು ಚಾಚ್ಕೊಳ್ಳಿ. ಅಂಗಿ ಬದಲಾಯಿಸ್ಕೊಂಡು ಹೋಗಿ.”

ಹೋದ. ಡ್ರೈವರ್ ಆಗಲೇ ಕುರ್ಚಿ ಎಳೆದುಕೊಂಡಿದ್ದ. ಬೋರ್ಡಣ್ಣ ಆ ಕುರ್ಚಿಯ ಮೇಲೆ ತಾನೇ ಕುಳಿತುಬಿಟ್ಟ.

“ಅವನು ಪೆದ್ದ ಅಲ್ಲ,” ಅಂದ. “ಅವನಿಗೆ ಎಣಿಸೋಕೆ ಬರ್ತಿತ್ತು. ಅವನು ನೋಡಿ ಎಣಿಸಿದ್ದು ನನ್ನ ಬೋರ್ಡನ್ನ. ಬೋರ್ಡು ಸುಳ್ಳು ಹೇಳ್ತಿತ್ತು.”

ಅವನು ಅಳುಕದೆ ಬಿಡಿಸಿ ಹೇಳಿದ. ಇನ್ನೂರ ಆರು ಇದ್ದಾಗ ಚೆಂಡು ಗಡಿಗೆರೆಗೆ ಹೋಯಿತು. ಫೀಲ್ಡರ್ ಜಾರಿ ಬಿದ್ದು ಅದನ್ನು ಒಳಕ್ಕೆಳೆದ. ಸಿಕ್ಕಿದ್ದು ಎರಡೇ ರನ್. ಅಂಪೈರ್ ಕೈ ಬೀಸಲೇ ಇಲ್ಲ. ಆದರೆ ಜನರ ಗದ್ದಲ ಕೇಳಿ ಬೋರ್ಡಣ್ಣ ನಾಲ್ಕೆಂದು ಇನ್ನೂರ ಹತ್ತರ ತಗಡು ಹಾಕಿದ. ತಕ್ಷಣ ಬೋರ್ಡಿನೊಳಗಿನ ಫೋನು ಹೊಡೆದುಕೊಂಡಿತು. ಆ ಫೋನು ಬರುವುದು ಒಂದೇ ಕಾರಣಕ್ಕೆ: ಅಧಿಕೃತ ಲೆಕ್ಕ ಬರೆಯುವ ಸ್ಕೋರರ್ ತಪ್ಪು ಕಂಡುಹಿಡಿದಿದ್ದಾನೆ, ತಿದ್ದು.

“ಎತ್ತಲಿಲ್ಲವಾ?” ಮೇಡಂ ಕೇಳಿದಳು.

“ಇಲ್ಲ. ಬ್ಯಾಟ್ಸ್‌ಮನ್ನನ ಖಾನೆಯ ತಗಡು ಇನ್ನೂ ಕೈಯಲ್ಲಿತ್ತು, ಕಿಂಡಿ ಖಾಲಿ ಇತ್ತು. ಇದೊಂದು ಬಾಲ್ ನೋಡಿ ಎತ್ತೋಣ ಅಂತ ಕಣ್ಣಿಟ್ಟೆ. ಆ ಬಾಲ್‌ನಲ್ಲೇ ಮುಗಿದುಹೋಯ್ತು. ಅವನಿಗೆ ಬೋರ್ಡಲ್ಲಿ ಕಂಡಿದ್ದು ಇನ್ನೊಂದೇ ರನ್ನು. ಜನ ಕುಣೀತಿದ್ದಾಗ ನಾನು ಇನ್ನೂರ ಒಂಬತ್ತು ಹಾಕಿ ಸರಿ ಮಾಡಿಟ್ಟೆ. ಆಮೇಲೆ ಅವನು ‘ಬೋರ್ಡಲ್ಲಿ ಇನ್ನೂರ ಹತ್ತಿತ್ತು’ ಅಂತ ಬಡ್ಕೊಂಡ. ಎಲ್ಲ ತಿರುಗಿ ನೋಡಿದ್ರೆ ಬೋರ್ಡು ಸರಿಯಾಗೇ ಇತ್ತು. ಅವನನ್ನ ಮತ್ತೆ ಯಾವತ್ತೂ ಟೆಸ್ಟ್ ಆಡಿಸ್ಲಿಲ್ಲ. ಫೋನ್ ಮಾಡಿದ ಸ್ಕೋರರ್ ಆವತ್ತೂ ಬಾಯಿ ಬಿಡ್ಲಿಲ್ಲ, ಈಗ ಬದುಕೂ ಇಲ್ಲ. ಉಳಿದಿರೋದು ನಾನು.”

“ಹಾಗಾದ್ರೆ ನಾವು ಗೆದ್ದಿದ್ದು ಸುಳ್ಳಾ?” ಯಾರೋ ಗುರುಗುಟ್ಟಿದರು.

“ಔಟಾಗಿದ್ದು ಔಟೇ. ಗೆದ್ದಿದ್ದು ಗೆದ್ದಿದ್ದೇ. ಪೆದ್ದ ಅನ್ನೋದು ಮಾತ್ರ ಸುಳ್ಳು.”

“ಬಿಡಿ ಬೋರ್ಡಣ್ಣ,” ಮೇಡಂ ಮೆಲ್ಲಗೆ ಅಂದಳು. “ಆ ಪದ ತೆಗೆದುಹಾಕ್ತೀನಿ. ನಿಮ್ಮ ವಿಷಯ ಬರೆಯೋದು ಬೇಡ. ಯಾರಿಗೂ ನೋವಾಗಲ್ಲ.”

ಯಾರಿಗೂ ನೋವಾಗುವುದಿಲ್ಲವಂತೆ. ನಮ್ಮ ಸಜ್ಜನಿಕೆ ಇರುವುದೇ ಹೀಗೆ: ಬೈಗುಳ ಮೂವತ್ತೊಂದು ವರ್ಷ ಬಾಯಿತುಂಬ, ತಿದ್ದುಪಡಿ ಮಾತ್ರ ಸದ್ದಿಲ್ಲದೆ. ಒಬ್ಬನ ಮಾನ ಹರಾಜಿಗಿಟ್ಟಾಗ ಮೈಕು ಬೇಕು, ವಾಪಸು ಕೊಡುವಾಗ ಹಿಂಬಾಗಿಲು ಸಾಕು.

“ತೆಗೆದುಹಾಕಿದ್ರೆ ಜನ ಬಾಯಲ್ಲಿ ಹೇಳ್ತಾನೇ ಇರ್ತಾರಮ್ಮ,” ಬೋರ್ಡಣ್ಣ ಅಂದ. “ಬರೀಬೇಕು. ನಾನು ಫೋನೆತ್ತಲಿಲ್ಲ ಅಂತ ಬರೀಬೇಕು. ಬರೆಯೋತನಕ ಈ ಕುರ್ಚಿ ಬಿಡಲ್ಲ. ಕೋಣೆಗೆ ಬೀಗ ಹಾಕೋದಾದ್ರೆ ಹಾಕ್ಕೊಳ್ಳಿ.”

ಮೂವರು ಎದ್ದು ಹೋದರು. ಒಬ್ಬ ಬಾಗಿಲನ್ನು ಬೇಕೆಂದೇ ಜೋರಾಗಿ ಎಳೆದ. ಡ್ರೈವರ್ ಮಾತ್ರ ಗೋಡೆಗೊರಗಿ ನಿಂತೇ ಇದ್ದ. ಬೋರ್ಡಣ್ಣ ಅವನ ಕಡೆ ತಿರುಗಿದ.

“ಆವತ್ತು ನೀನು ಮೈದಾನದಲ್ಲೇ ಇದ್ದೆ ಅಂತೀಯಲ್ಲ. ಬೋರ್ಡಿನ ಎದುರು ಸ್ಟ್ಯಾಂಡು.”

“ಇದ್ದೆ.”

“ಎಷ್ಟು ಕಾಣ್ತಿತ್ತು?”

“ಇನ್ನೂರ ಹತ್ತು,” ಡ್ರೈವರ್ ಅಂದ. “ನಾನೂ ಒಂದೇ ಬೇಕು ಅಂದ್ಕೊಂಡಿದ್ದೆ, ಅಣ್ಣ. ಸೋತ್ವಿ ಅಂತ ತಲೆ ಮೇಲೆ ಕೈ ಹೊತ್ಕೊಂಡಿದ್ದೆ.”

“ಮತ್ತೆ ಇಷ್ಟು ವರ್ಷ ಕುರ್ಚಿ ತಬ್ಬಿದ್ದು?”

“ಜನ ನಗ್ತಿದ್ರಲ್ಲ.”

ಬೋರ್ಡಣ್ಣನಿಗೆ ಸಿಟ್ಟು ಬರಲಿಲ್ಲ. ತಾನೂ ನಕ್ಕವನೇ. ಪಕ್ಕದ ಕುರ್ಚಿಯನ್ನು ಕಾಲಿನಿಂದ ಎಳೆದು ಅವನಿಗೆ ಕೊಟ್ಟ.

“ಕೂತ್ಕೊ. ನನ್ನ ಸಹಿ ಕೆಳಗೆ ನಿಂದೂ ಹಾಕ್ಬೇಕು.”

ಡ್ರೈವರ್ ಕುಳಿತ. ಮೇಡಂ ಕನ್ನಡಕ ಏರಿಸಿಕೊಂಡು ಹೊಸ ಹಾಳೆ ತೆಗೆದಳು. “ಬೋರ್ಡಿನಲ್ಲಿ ಸಣ್ಣ ಗೊಂದಲವಾಗಿತ್ತು ಅಂತ ಶುರು ಮಾಡ್ಲಾ?”

“ಗೊಂದಲ ಅಲ್ಲಮ್ಮ,” ಬೋರ್ಡಣ್ಣ ಅಂದ. “ತಪ್ಪು ಅಂತ ಬರಿ. ಮಾಡಿದವನ ಹೆಸರು ಮೊದಲು ಬರಲಿ.”