ಕಟ್ಟೆಯ ಮೇಲೆ ಉಳಿದ ಮೂಟೆ

ಪ್ಲೇಗಿಗೆ ಊರು ಬಿಟ್ಟಾಗ ಆ ಮುದುಕಿ ಹಟ ಹಿಡಿದು ಮನೆಯಲ್ಲೇ ಉಳಿದಳೆಂದು ಯರಗಟ್ಟಿಯ ಕಡೆ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಅವಳ ಮಾತನ್ನು ಕಿವಿಯಾರೆ ಕೇಳಿದವನು ನಾನು.

ಸವದತ್ತಿಯಿಂದ ಒಬ್ಬನೇ ನಡೆದು ಬರುತ್ತಿದ್ದೆ. ರೋಗ ಹೋಗಲು ಮನೆಗಳೊಳಗೆ ಬಿಸಿಲು ಬೀಳಲೆಂದು ಹಂಚು ಇಳಿಸಿದ್ದ ಖಾಲಿ ಊರಿನಲ್ಲಿ, ತನ್ನ ಮನೆಯ ಕಟ್ಟೆಯ ಮೇಲೆ ಅವಳು ಅರಿವೆಯ ಮೂಟೆ ಕಟ್ಟಿಕೊಂಡು ಕುಳಿತಿದ್ದಳು.

“ಹತ್ರ ಬರಬ್ಯಾಡೋ ತಮ್ಮಾ. ಸತ್ತ ಇಲಿ ನನ್ನ ಹಾಸಿಗಿ ಮಗ್ಗಲ ಸಿಕ್ತು, ಅದಕ್ಕ ನನ್ನಷ್ಟ ಬಿಟ್ಟು ಹ್ವಾದ್ರು. ಅವ್ವಗ ಜ್ವರ ಇಲ್ಲ, ಬಂದು ಕರಕೊಂಡು ಹೋಗು ಅಂತ ನನ್ನ ಮಗಗ ಹೇಳಪಾ.”

ಊರು ಬಿಟ್ಟವರು ಹೊಲದಲ್ಲಿ ಹಾಕಿಕೊಂಡಿದ್ದ ಗುಡಿಸಲುಗಳ ಬಳಿ ಅವಳ ಮಗನನ್ನು ಕೂಗಿ ಕರೆದು ಹೇಳಿದೆ.

“ಸಾಲಿ ಕಲ್ತೋರು, ಅಷ್ಟು ಧೈರ್ಯ ಇದ್ರ ನೀವ ಕೈ ಹಿಡದು ಕರಕೊಂಡು ಬರಬೇಕಿತ್ತಲ್ರಿ?” ಎಂದು ಚುಚ್ಚಿದ.

ಅರ್ಧ ತಾಸು ವಾದಿಸಿ ಅವನ ಬಾಯಿ ಮುಚ್ಚಿಸಿದೆ. ಅವನು ಕದಲಲಿಲ್ಲ. ನಾನೂ ಹಿಂದಕ್ಕೆ ಹೋಗಲಿಲ್ಲ.

ಐದನೆಯ ದಿನ ಹಿಂದಿರುಗುವಾಗ ಕಟ್ಟೆಯ ಮೇಲೆ ಮೂಟೆಯೊಂದೇ ಇತ್ತು, ಕಟ್ಟಿದ ಹಾಗೆಯೇ. ತಾಯಿಯನ್ನು ಮಣ್ಣು ಮಾಡಿ ಬರುತ್ತಿದ್ದ ಮಗ ಎದುರಾದ. “ಏನ್ ಮಾಡೂದ್ರಿ, ಅವ್ವ ತಾನ ಬರೂದಿಲ್ಲ ಅಂದ್ಲು,” ಎಂದ. ವಾದಕ್ಕೆ ಪಳಗಿದ ನನ್ನ ಬಾಯಿಂದ ಇಷ್ಟೇ ಹೊರಟಿತು: “ಯಾವಾಗ ಅಂದ್ಲೋ, ತಮ್ಮಾ?”